ಜಿಎಲ್‌ಟಿಎಫ್‌ಪ್ಯಾಕ್ ಮತ್ತು ಕೆಟಿಎಕ್ಸ್2: ಡ್ರೈವಿಂಗ್ ಸ್ಕೂಲಿನ ಹಳೇ ಕಂಪ್ಯೂಟರಿನಲ್ಲಿ ಬಳಸಿ ನೋಡಿದ ಮೇಲೆ

ತ್ರೀಡಿ ಫೈಲುಗಳನ್ನು ಹಗುರ ಮಾಡುವ ಜಿಎಲ್‌ಟಿಎಫ್‌ಪ್ಯಾಕ್‌ನಂಥ, ದುಡ್ಡು ಕೊಡದೆ ಸಿಗುವ ಕಮಾಂಡ್‌ಲೈನ್ (ಟೈಪ್ ಮಾಡಿ ನಡೆಸುವ) ಟೂಲಿಗೆ ಇಷ್ಟುದ್ದ ವಿಮರ್ಶೆ ಯಾಕೆ ಅಂತ ಕೇಳಬಹುದು. ದುಡ್ಡು ಹೋಗದಿದ್ದರೂ ಹೊತ್ತು ಹೋಗುತ್ತದಲ್ಲ, ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಎರಡೂ ಒಂದೇ. ಜಿಎಲ್‌ಟಿಎಫ್‌ಪ್ಯಾಕ್ ಬಗ್ಗೆ ಮಾತಾಡುವವರು ಹೆಚ್ಚಾಗಿ "ಫೈಲು ಇಷ್ಟು ಎಂಬಿ ಇದ್ದದ್ದು ಇಷ್ಟಕ್ಕೆ ಇಳಿಯಿತು" ಅಂತ ಹೇಳಿ ಮುಗಿಸುತ್ತಾರೆ. ನನಗೆ ಅದರಿಂದ ಆದ ಉಪಕಾರ ಬೇರೆ. ಅದನ್ನು ಸ್ವಲ್ಪ ಬಿಡಿಸಿ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಎಂತದು ಅಂತ ಮೊದಲು ಹೇಳಿಬಿಡುತ್ತೇನೆ. ನಾನಿರುವುದು ಕಾಸರಗೋಡಿನ ನೀರ್ಚಾಲಿನಲ್ಲಿ, ಮನೆಯಿಂದಲೇ ತ್ರೀಡಿ ಕೆಲಸ. ಕುಂಬಳೆಯಲ್ಲಿ ಒಂದು ಡ್ರೈವಿಂಗ್ ಸ್ಕೂಲಿಗೆ ಕಾರು ಸಿಮ್ಯುಲೇಟರ್ ಮಾಡಿಕೊಟ್ಟಿದ್ದೇನೆ. ಕೇರಳದಲ್ಲಿ ಕಾರಿನ ಲೈಸೆನ್ಸಿಗೆ ಕಂಬಗಳ ನಡುವೆ ಎಚ್ ಆಕಾರದಲ್ಲಿ ಹಿಂದೆ ಮುಂದೆ ಹೋಗಿ ತೋರಿಸಬೇಕು. ಕಂಬಕ್ಕೆ ತಾಗಿದರೆ ಮುಗಿಯಿತು. ಅದನ್ನು ಕಲಿಸುವ ಮೈದಾನ ಒಂದು ಭಾಗ. ಸೀತಾಂಗೋಳಿಯಿಂದ ನೀರ್ಚಾಲು ಕಡೆಗೆ ಬರುವ ರಸ್ತೆಯ ನಾಲ್ಕು ಕಿಲೋಮೀಟರ್ ಇನ್ನೊಂದು ಭಾಗ. ಕೆಂಪುಕಲ್ಲಿನ ಪಾಗಾರ (ಆವರಣ ಗೋಡೆ), ಕಂಗಿನ (ಅಡಿಕೆಯ) ತೋಟ, ತಿರುವಿನಲ್ಲಿ ಎದುರಿಗೆ ಬರುವ ಬಸ್ಸು ಎಲ್ಲ ಉಂಟು. ಓಡುವುದು ಬ್ರೌಸರಿನಲ್ಲಿ, ತ್ರೀ ಜೆಎಸ್ ಎಂಬ ತ್ರೀಡಿ ಲೈಬ್ರರಿಯ ಮೇಲೆ. ಬ್ರೌಸರ್ ಯಾಕೆಂದರೆ ಅದೇ ಫೈಲುಗಳು ಕಲಿಯುವವರ ಮೊಬೈಲಿನಲ್ಲೂ ಓಡಬೇಕು ಅಂತ ಸ್ಕೂಲಿನ ಮಾಷ್ಟ್ರ ಆಸೆ. ಮಾಷ್ಟ್ರು ಅಂದರೆ ನಿಜಕ್ಕೂ ಮಾಷ್ಟ್ರೇ. ಶಾಲೆಯಿಂದ ರಿಟೈರ್ ಆದ ಮೇಲೆ ಡ್ರೈವಿಂಗ್ ಸ್ಕೂಲು ಶುರು ಮಾಡಿದವರು. ಕ್ಲಚ್ಚು ಬಿಡುವುದನ್ನೂ ಕಾಗುಣಿತ ತಿದ್ದಿದ ಗತ್ತಿನಲ್ಲೇ ಹೇಳಿಕೊಡುತ್ತಾರೆ.

ಅವರಲ್ಲಿರುವ ಕಂಪ್ಯೂಟರ್ ಎಂಟು ಜಿಬಿ ರ‍್ಯಾಮಿನದ್ದು, ತಿರುಗುವ ಹಾರ್ಡ್‌ಡಿಸ್ಕಿನದ್ದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನ ಒಳಗೇ ಇರುವ ಇಂಟೆಲ್ ಗ್ರಾಫಿಕ್ಸ್. ಒಂದು ಕಾರ್ಡ್ ಹಾಕಿಸಿ ಅಂದದ್ದಕ್ಕೆ, "ಅದಕ್ಕೆ ಹಾಕುವ ದುಡ್ಡಿಗೆ ನನ್ನ ಕಾರಿನ ನಾಲ್ಕು ಟಯರೂ ಹೊಸತು ಬರ್ತದೆ ಮಾರಾಯ್ರೇ, ಇದ್ದದ್ದರಲ್ಲೇ ಎಂತಾದ್ರೂ ಮಾಡಿ" ಅಂದರು. ಸರಿ, ಇದ್ದದ್ದರಲ್ಲೇ ಮಾಡಬೇಕಾಯಿತು.

ಕೊಟ್ಟ ಮೊದಲ ಆವೃತ್ತಿ ಶುರುವಾಗಲಿಕ್ಕೆ ಒಂದು ನಿಮಿಷದ ಹತ್ತಿರ ಹೋಗುತ್ತಿತ್ತು. ಶುರುವಾದ ಮೇಲೂ ತಿರುವು ದಾಟಿ ಹೊಸ ತೋಟ ಕಣ್ಣಿಗೆ ಬೀಳುವಾಗ ಒಂದು ಝಟಕಾ. ಸ್ಟೀರಿಂಗ್ ಹಿಡಿದು ಕಲಿಯುವವರಿಗೆ ಈ ಝಟಕಾ ಬರೇ ಕಿರಿಕಿರಿಯಲ್ಲ. ತಿರುಗಿಸಿದ್ದು ಸಾಲದು ಅಂತ ಅವರು ಇನ್ನಷ್ಟು ತಿರುಗಿಸುತ್ತಾರೆ, ಅಷ್ಟರಲ್ಲಿ ಚಿತ್ರ ಬಂದು ಕಾರು ಪಾಗಾರದೊಳಗೆ. ಸಿನಿಮಾ ಆದರೆ ಸ್ವಲ್ಪ ನಿಂತು ಹೋದರೂ ನಡೆಯುತ್ತದೆ. ಸಿಮ್ಯುಲೇಟರಿನಲ್ಲಿ ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೆ ಸಿಗುವುದು 16.6 ಮಿಲಿಸೆಕೆಂಡ್ ಮಾತ್ರ. ಲೋಡು ಮಾಡುವುದು, ಬಿಚ್ಚುವುದು, ಜಿಪಿಯುಗೆ (ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ಪಿಗೆ) ದಾಟಿಸುವುದು ಎಲ್ಲವೂ ಅದರೊಳಗೆ ಹೊಂದಬೇಕು, ಇಲ್ಲವಾದರೆ ಬೇರೆ ಥ್ರೆಡ್ಡಿನಲ್ಲಿ, ಅಂದರೆ ಪಕ್ಕದಲ್ಲೇ ನಡೆಯುವ ಇನ್ನೊಂದು ಕೆಲಸದ ಸಾಲಿನಲ್ಲಿ, ನಡೆಯಬೇಕು.

ಡಿಸ್ಕ್ ನಿಧಾನ, ಎಸ್‌ಎಸ್‌ಡಿ ಹಾಕಿದರೆ ಆಯಿತು ಅನ್ನುವ ಸಲಹೆ ಎಲ್ಲರಿಂದಲೂ ಬಂತು. ಎಸ್‌ಎಸ್‌ಡಿ ಹಾಕಿದರೆ ಒಳ್ಳೆಯದೇ, ಸಂಶಯವಿಲ್ಲ. ಆದರೆ ಕ್ರೋಮಿನ ಪರ್ಫಾರ್ಮೆನ್ಸ್ ಪಟ್ಟಿ ತೆರೆದು ನೋಡಿದರೆ ಡಿಸ್ಕಿನಿಂದ ಓದುವುದು ಚಿಕ್ಕ ತುಂಡು. ಉದ್ದದ ಪಟ್ಟಿಗಳೆಲ್ಲ ಚಿತ್ರ ಡಿಕೋಡ್ ಆಗುವುದು (ಬಿಚ್ಚುವುದು) ಮತ್ತು ಟೆಕ್ಸ್ಚರ್, ಅಂದರೆ ಮಾದರಿಯ ಮೈಗೆ ಅಂಟಿಸುವ ಚಿತ್ರ, ಜಿಪಿಯುಗೆ ಅಪ್‌ಲೋಡ್ ಆಗುವುದು. ಇಲ್ಲಿ ಜೇಪೆಗ್ ಮಾಡುವ ಮೋಸ ಅರ್ಥವಾಗಬೇಕು. ಜೇಪೆಗ್ ಅಂದರೆ ಹಲಸಿನ ಹಪ್ಪಳ: ಡಬ್ಬಿಯಲ್ಲಿ ಇರುವಾಗ ತೆಳ್ಳಗೆ, ಚಿಕ್ಕ, ಎಣ್ಣೆಗೆ ಬಿಟ್ಟ ಕೂಡಲೇ ತಟ್ಟೆ ತುಂಬ. ಆ ಎಣ್ಣೆ ಕಾಯಿಸುವ ಕೆಲಸ ಸಿಪಿಯುದ್ದು. 2048 × 2048ರ ಒಂದು ಚಿತ್ರ ಡಿಸ್ಕಿನಲ್ಲಿ ಒಂದು ಎಂಬಿಗಿಂತಲೂ ಕಡಿಮೆ ಇರಬಹುದು. ಜಿಪಿಯು ಜೇಪೆಗನ್ನು ನೇರ ಓದುವುದಿಲ್ಲ. ಪಿಕ್ಸೆಲಿಗೆ 4 ಬೈಟಿನ ಲೆಕ್ಕದಲ್ಲಿ ಬಿಚ್ಚಿ ಕೊಡಬೇಕು. 16 ಎಂಬಿ ಆಯಿತು. ದೂರದಲ್ಲಿ ಕಾಣುವಾಗ ಮಿಣಮಿಣ ಹೊಳೆಯದಿರಲಿ ಅಂತ ಅರ್ಧ, ಕಾಲು, ಅರೆಕಾಲು ಗಾತ್ರದ ನಕಲುಗಳೂ ಬೇಕು. 1983ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಹೇಳಿಕೊಟ್ಟ ಮಿಪ್‌ಮ್ಯಾಪ್ ಇದೇ. ಅದು ಸೇರಿದರೆ ಇನ್ನೂ ಮೂರನೇ ಒಂದು ಪಾಲು ಜಾಸ್ತಿ, ಅಂದರೆ ಹತ್ತಿರ ಹತ್ತಿರ 21 ಎಂಬಿ. ಅಂಥ 40 ಚಿತ್ರ ಇದ್ದರೆ 850 ಎಂಬಿ ದಾಟುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಅಷ್ಟೂ ಹೋಗುವುದು ಅದೇ ಎಂಟು ಜಿಬಿ ರ‍್ಯಾಮಿನಿಂದ. ವಿಂಡೋಸು, ಕ್ರೋಮು, ಜತೆಗೆ ಮಾಷ್ಟ್ರು ತೆರೆದಿಟ್ಟು ಮರೆತ ಆರ್‌ಟಿಒ ಫಾರ್ಮುಗಳ ಪಿಡಿಎಫ್‌ಗಳು ಇರುವುದೂ ಅದರಲ್ಲೇ.

ಹಾಗಾಗಿ ಫೈಲು ಎಷ್ಟು ಚಿಕ್ಕದು ಅನ್ನುವುದು ಎರಡನೇ ಪ್ರಶ್ನೆ. ಫೈಲಿನೊಳಗೆ ಇರುವುದು ಜಿಪಿಯುಗೆ ಬೇಕಾದ ರೂಪಕ್ಕೆ ಎಷ್ಟು ಹತ್ತಿರ ಉಂಟು ಅನ್ನುವುದು ಮೊದಲ ಪ್ರಶ್ನೆ. ಜಿಎಲ್‌ಟಿಎಫ್‌ಪ್ಯಾಕ್ ಉತ್ತರ ಕೊಡುವುದು ಈ ಮೊದಲನೆಯದಕ್ಕೆ.

ಟೂಲಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಜಿಎಲ್‌ಟಿಎಫ್ ಅನ್ನುವುದು ಕ್ರೋನೋಸ್ ಗ್ರೂಪ್ ಎಂಬ ಮಾನಕ ಸಂಸ್ಥೆಯ ತ್ರೀಡಿ ಫಾರ್ಮ್ಯಾಟ್. ಈಗ ಬಳಕೆಯಲ್ಲಿರುವ 2.0 ಬಂದದ್ದು 2017ರಲ್ಲಿ, 2022ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ಆರ್ಸೆನಿ ಕಪುಲ್ಕಿನ್ ಬರೆದ ಮೆಶ್‌ಆಪ್ಟಿಮೈಝರ್ ಎಂಬ ಲೈಬ್ರರಿಯ ಜತೆಗೆ ಬರುವ ಟೂಲು ಜಿಎಲ್‌ಟಿಎಫ್‌ಪ್ಯಾಕ್. ಎಂಐಟಿ ಲೈಸೆನ್ಸ್, ಯಾರು ಬೇಕಾದರೂ ಬಳಸಬಹುದು, ಗಿರಾಕಿಗೆ ಮಾಡಿಕೊಡುವ ಕೆಲಸಕ್ಕೂ ಅಡ್ಡಿಯಿಲ್ಲ. ತ್ರೀಡಿ ಮಾದರಿ ಮಾಡುವ ಬ್ಲೆಂಡರಿನಿಂದ ಹೊರತೆಗೆದ ಜಿಎಲ್‌ಬಿ (ಎಲ್ಲ ಒಂದರಲ್ಲೇ ಇರುವ ಜಿಎಲ್‌ಟಿಎಫ್) ಫೈಲನ್ನು ಇದಕ್ಕೆ ಕೊಟ್ಟರೆ ಇನ್ನೊಂದು ಜಿಎಲ್‌ಬಿ ಕೊಡುತ್ತದೆ. ಕಿಟಕಿ, ಗುಂಡಿ, ಬಣ್ಣದ ಪಟ್ಟಿ ಎಂತದೂ ಇಲ್ಲ. ಒಂದು ಸಾಲು ಟೈಪ್ ಮಾಡಿದರೆ ಆಯಿತು.

ಮೆಶ್ಶಿನ, ಅಂದರೆ ತ್ರಿಕೋನಗಳಿಂದಾದ ಆಕಾರದ, ಕಡೆಯಿಂದ ಶುರು ಮಾಡುತ್ತೇನೆ, ಅಲ್ಲಿ ಹೇಳಲಿಕ್ಕಿರುವುದು ಸಣ್ಣದು. ಮಾಮೂಲಿ ಜಿಎಲ್‌ಟಿಎಫ್‌ನಲ್ಲಿ ಒಂದು ವರ್ಟೆಕ್ಸಿನ (ತ್ರಿಕೋನದ ಮೂಲೆಯ) ಸ್ಥಾನಕ್ಕೆ 12 ಬೈಟು, ನಾರ್ಮಲಿಗೆ (ಮೈ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದಕ್ಕೆ) 12, ಟೆಕ್ಸ್ಚರಿನ ಯುವಿಗೆ (ಚಿತ್ರದಲ್ಲಿ ಅದರ ಜಾಗಕ್ಕೆ) 8, ಒಟ್ಟು 32. ಟೂಲು ಇದನ್ನು ಕ್ವಾಂಟೈಸ್ ಮಾಡಿ, ಅಂದರೆ ದಶಾಂಶದ ಉದ್ದ ಸಂಖ್ಯೆಗಳನ್ನು ಚಿಕ್ಕ ಪೂರ್ಣಾಂಕಗಳಾಗಿ ಮಾಡಿ, 8, 4, 4 ಬೈಟಿಗೆ ಇಳಿಸುತ್ತದೆ; ಒಟ್ಟು 16. ಮುಖ್ಯವಾದ್ದೆಂದರೆ ಇದನ್ನು ಮತ್ತೆ ಬಿಚ್ಚಬೇಕಾಗಿಲ್ಲ, ಜಿಪಿಯು ಹಾಗೆಯೇ ಓದುತ್ತದೆ. ಜತೆಗೆ ತ್ರಿಕೋನಗಳ ಸರದಿಯನ್ನೂ ಜಿಪಿಯುವಿನ ಕ್ಯಾಶಿಗೆ (ಕೈಗೆಟುಕುವ ಪುಟ್ಟ ಮೆಮೊರಿಗೆ) ಹೊಂದುವಂತೆ ಬದಲಾಯಿಸುತ್ತದೆ. 'ಸಿಸಿ' ಅಂತ ಆಪ್ಶನ್ ಕೊಟ್ಟರೆ ಇದರ ಮೇಲೆ ಇನ್ನೊಂದು ಪದರ ಕಂಪ್ರೆಶನ್ ಬೀಳುತ್ತದೆ. ಅದನ್ನು ಬಿಚ್ಚುವ ಡಿಕೋಡರ್ ಎಷ್ಟು ಚುರುಕೆಂದರೆ ಆ ಹಳೇ ಕಂಪ್ಯೂಟರಿನಲ್ಲೂ ಅದರ ಪಟ್ಟಿಯನ್ನು ನಾನು ಹುಡುಕಬೇಕಾಯಿತು.

ಗೂಗಲಿನ ಡ್ರಾಕೋ ಇದಕ್ಕೆ ಎದುರಾಳಿ. ಮೆಶ್ ಒಂದನ್ನೇ ನೋಡಿದರೆ ಎಷ್ಟೋ ಸಲ ಡ್ರಾಕೋದ ಫೈಲೇ ಚಿಕ್ಕದು, ಅದನ್ನು ಒಪ್ಪಬೇಕು. ನಿಧಾನ ನೆಟ್ಟಿನಲ್ಲಿ ದೊಡ್ಡ ಮಾದರಿ ಒಂದನ್ನು ಒಮ್ಮೆ ತೋರಿಸಿ ಬಿಡುವವರಿಗೆ ಅದು ಸರಿ. ನನ್ನಲ್ಲಿ ಫೈಲುಗಳು ಡಿಸ್ಕಿನಲ್ಲೇ ಇರುತ್ತವೆ, ಕಾರು ಹೋದ ಹಾಗೆ ಹೊಸ ತುಂಡು ಬರುತ್ತಲೇ ಇರಬೇಕು. ಅಲ್ಲಿ ಬಿಚ್ಚುವ ವೇಗಕ್ಕೇ ಬೆಲೆ, ಡ್ರಾಕೋ ಅಲ್ಲಿ ಹಿಂದೆ ಬೀಳುತ್ತದೆ. ಅಲ್ಲದೆ ಡ್ರಾಕೋ ಕಂಪ್ರೆಸ್ ಮಾಡುವುದು ಮೆಶ್ಶನ್ನು ಮಾತ್ರ. ಮೆಶ್‌ಆಪ್ಟಿಮೈಝರಿನ ದಾರಿಯಲ್ಲಿ ಅನಿಮೇಶನ್ನೂ ಸೇರಿಕೊಳ್ಳುತ್ತದೆ.

ಈಗ ಟೆಕ್ಸ್ಚರ್. ನನ್ನ ಮಟ್ಟಿಗೆ ಈ ಟೂಲಿನ ಜೀವ ಇರುವುದು 'ಟಿಸಿ' ಎಂಬ ಆಪ್ಶನಿನಲ್ಲಿ. ಅದನ್ನು ಕೊಟ್ಟರೆ ಜೇಪೆಗ್, ಪಿಎನ್‌ಜಿ ಎಲ್ಲ ಕೆಟಿಎಕ್ಸ್2 ಎಂಬ, ಜಿಪಿಯುಗೆಂದೇ ಇರುವ ಟೆಕ್ಸ್ಚರ್ ಫೈಲುಗಳಾಗಿ ಬದಲಾಗುತ್ತವೆ. ಒಳಗೆ ಕೆಲಸ ಮಾಡುವುದು ಬೈನೋಮಿಯಲ್ ಎಂಬ ಸಣ್ಣ ಕಂಪನಿಯ ಬೇಸಿಸ್ ಯುನಿವರ್ಸಲ್. 2019ರಲ್ಲಿ ಗೂಗಲ್ ಜತೆ ಸೇರಿ ಅವರು ಅದನ್ನು ಓಪನ್ ಸೋರ್ಸ್ ಮಾಡಿದರು. ಇದರ ಉಪಾಯ ಚೆಂದ ಉಂಟು. ಡೆಸ್ಕ್‌ಟಾಪಿನ ಜಿಪಿಯುಗಳಿಗೆ ಒಂದು ಬಗೆಯ ಕಂಪ್ರೆಸ್ಡ್ ಟೆಕ್ಸ್ಚರ್ ಬೇಕು, ಮೊಬೈಲಿನವಕ್ಕೆ ಇನ್ನೊಂದು ಬಗೆಯದ್ದು. ಮೊದಲಾದರೆ ಒಂದೊಂದಕ್ಕೂ ಬೇರೆ ಬೇರೆ ಫೈಲು ಮಾಡಿಡಬೇಕಿತ್ತು. ಬೇಸಿಸ್ ಎಲ್ಲದಕ್ಕೂ ನಡುವಿನ ಒಂದು ರೂಪದಲ್ಲಿ ಇಟ್ಟಿರುತ್ತದೆ. ಓಡುವ ಹೊತ್ತಿಗೆ ಈ ಜಿಪಿಯುಗೆ ಎಂತದು ಆಗುತ್ತದೆ ಅಂತ ನೋಡಿ ಥಟ್ಟನೆ ಅದಕ್ಕೆ ತಿರುಗಿಸಿ ಕೊಡುತ್ತದೆ. ಇಂಟೆಲಿಗೆ ಬಿಸಿ7 ಎಂಬ ಬಗೆ, ಫೋನಿಗೆ ಎಎಸ್‌ಟಿಸಿ ಎಂಬ ಬಗೆ. ಈ ತಿರುಗಿಸುವ ಕೆಲಸ ವರ್ಕರ್ ಥ್ರೆಡ್ಡುಗಳಲ್ಲಿ ಆಗುತ್ತದೆ, ಸ್ಟೀರಿಂಗ್ ಓದುತ್ತಿರುವ ಥ್ರೆಡ್ಡಿಗೆ ತೊಂದರೆಯಿಲ್ಲ.

ದೊಡ್ಡ ಸಂಗತಿ ಇಲ್ಲಿ ಉಂಟು: ಜಿಪಿಯುವಿನ ಮೆಮೊರಿಯಲ್ಲಿಯೂ ಅದು ಕಂಪ್ರೆಸ್ ಆಗಿಯೇ ಇರುತ್ತದೆ. ಬಿಸಿ7ರಲ್ಲಿ ಪಿಕ್ಸೆಲಿಗೆ ಒಂದೇ ಬೈಟು. ಆಗ ಹೇಳಿದ 850 ಎಂಬಿ ಲೆಕ್ಕ 213ಕ್ಕೆ ಇಳಿಯಿತು. ದಾಟಿಸಬೇಕಾದದ್ದೇ ನಾಲ್ಕನೇ ಒಂದು ಪಾಲಾದ ಮೇಲೆ ಅಪ್‌ಲೋಡಿನ ಝಟಕಾವೂ ಅಷ್ಟಕ್ಕೆ ತಗ್ಗಿತು. ಇನ್ನೊಂದು ಗುಟ್ಟು: ಕಂಪ್ರೆಸ್ಡ್ ಟೆಕ್ಸ್ಚರಿಗೆ ಬ್ರೌಸರಿನಲ್ಲಿ ಮಿಪ್‌ಮ್ಯಾಪ್ ತಯಾರಿಸಲಿಕ್ಕೆ ಆಗುವುದಿಲ್ಲ, ಫೈಲಿನಲ್ಲೇ ಇರಬೇಕು. ಟೂಲು ಅದನ್ನೂ ಮಾಡಿ ಒಳಗೆ ಇಟ್ಟಿರುತ್ತದೆ, ಹಾಗಾಗಿ ಓಡುವಾಗ ಆ ಕೆಲಸವೂ ಇಲ್ಲ. ಸ್ಕೂಲಿನಲ್ಲಿ ಈಗ ಎಚ್ ಮೈದಾನ ಹತ್ತು ಸೆಕೆಂಡಿನ ಒಳಗೆ ತೆರೆಯುತ್ತದೆ. ಮಾಷ್ಟ್ರು "ಎಂತ, ಎಸ್‌ಎಸ್‌ಡಿ ಹಾಕಿದ್ರಾ?" ಅಂತ ಕೇಳಿದರು.

ಹೊಗಳಿದ್ದು ಸಾಕು, ರಸ್ತೆ ಬದಿಯ ಬೋರ್ಡಿನ ಅಕ್ಷರ ಕೆಟ್ಟ ಕಥೆಗೆ ಬರುತ್ತೇನೆ. ಬೇಸಿಸ್‌ನಲ್ಲಿ ಎರಡು ಬಗೆ ಉಂಟು: ಇಟಿಸಿ1ಎಸ್ ಮತ್ತು ಯುಎಎಸ್‌ಟಿಸಿ. ಏನೂ ಹೇಳದಿದ್ದರೆ ಟೂಲು ಹಿಡಿಯುವುದು ಮೊದಲನೆಯದನ್ನು. ಫೈಲು ಬಹಳ ಚಿಕ್ಕದಾಗುತ್ತದೆ. ಪಾಗಾರದ ಕೆಂಪುಕಲ್ಲು, ಡಾಮರು, ಹುಲ್ಲು, ಮಣ್ಣು, ಇದಕ್ಕೆಲ್ಲ ಅದು ಧಾರಾಳ ಸಾಕು. ಮುರಕಲ್ಲಿನ ತೂತು ತೂತು ಮೈ ಹೇಗೂ ಗೊರಗು ಗೊರಗು, ಅದರಲ್ಲಿ ಸ್ವಲ್ಪ ಕಳೆದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ದಾರಿ ತೋರಿಸುವ ಹಸಿರು ಬೋರ್ಡನ್ನು ಹತ್ತಿರ ಹೋಗಿ ನೋಡಿ. 'ಬದಿಯಡ್ಕ' ಅಂತ ಬಿಳಿ ಅಕ್ಷರ. ಡಕಾರದ ಕೆಳಗಿನ ಕ-ಒತ್ತು ಕಲಸಿಹೋಗಿ ಒಂದು ಬೂದು ಬಣ್ಣದ ಗುಡ್ಡೆ ಆಗಿತ್ತು. ಕೆಳಗಿನ ಮಲಯಾಳದ ಸಾಲಿನಲ್ಲಿ ಒಂದಕ್ಕೊಂದು ಸುತ್ತಿಕೊಂಡ ಅಕ್ಷರಗಳ ಹೊಟ್ಟೆ ತುಂಬಿಕೊಂಡಿತ್ತು. ಇಂಗ್ಲಿಷಿನ ಸಾಲು ಮಾತ್ರ ಹೇಗೋ ಪಾರು. ನೆಟ್ಟಗೆ ನಿಂತ ದಪ್ಪ ಅಕ್ಷರಗಳಿಗೆ ಕಷ್ಟ ಕಡಿಮೆ.

ಕಾರಣ ಇಷ್ಟೇ. ಇಟಿಸಿ1ಎಸ್ ಚಿತ್ರವನ್ನು 4 × 4 ಪಿಕ್ಸೆಲಿನ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕಕ್ಕೆ ಒಂದೇ ಮೂಲ ಬಣ್ಣ. ಅದರೊಳಗಿನ ಹದಿನಾರು ಪಿಕ್ಸೆಲುಗಳು ಅದೇ ಬಣ್ಣದ ಹೆಚ್ಚು ಬೆಳಕಿನ ಅಥವಾ ಕಡಿಮೆ ಬೆಳಕಿನ ನಾಲ್ಕು ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹಸಿರೂ ಬಿಳಿಯೂ ಒಂದೇ ಚೌಕದೊಳಗೆ ಬಂದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಒತ್ತಕ್ಷರದ ಗೆರೆ ಇರುವುದೇ ಎರಡು ಮೂರು ಪಿಕ್ಸೆಲು ದಪ್ಪ, ಅಂದರೆ ಅದರ ಪ್ರತಿ ಚೌಕವೂ ಇಂಥ ಜಗಳದ ಚೌಕವೇ. ಗುಣಮಟ್ಟದ ಅಂಕವನ್ನು ಹತ್ತಕ್ಕೆ ಏರಿಸಿದರೂ ಈ ಜಗಳ ಪೂರ್ತಿ ಮುಗಿಯುವುದಿಲ್ಲ. ಕನ್ನಡ, ಮಲಯಾಳದ ಬೋರ್ಡು ಇರುವ ಯಾವ ದೃಶ್ಯಕ್ಕೂ ಇದನ್ನು ಮೊದಲೇ ನೋಡಿಕೊಳ್ಳಬೇಕು; ಇಂಗ್ಲಿಷ್ ಬೋರ್ಡಿನ ಉದಾಹರಣೆ ನೋಡಿ ಧೈರ್ಯ ತಂದುಕೊಂಡರೆ ಆಗುವುದಿಲ್ಲ.

ಮದ್ದು ಯುಎಎಸ್‌ಟಿಸಿ. ಚೌಕ ಅಷ್ಟೇ ದೊಡ್ಡದು, ಆದರೆ ಒಂದಕ್ಕೆ 16 ಬೈಟು, ಒಳಗೆ ಬೇರೆ ಬೇರೆ ಬಣ್ಣಕ್ಕೆ ಜಾಗ ಉಂಟು. ಒತ್ತು ಮತ್ತೆ ಒತ್ತಾಯಿತು. ಕಂಗಿನ ಸೋಗೆಯ ಅಂಚುಗಳಿಗೂ, ಕಲ್ಲಿನ ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪಿಗೂ ಇದೇ ಬೇಕು. ನಾರ್ಮಲ್ ಮ್ಯಾಪಿನಲ್ಲಿ ಇಟಿಸಿ1ಎಸ್ ಬಳಸಿದರೆ ಸಂಜೆಯ ಓರೆ ಬಿಸಿಲಿನಲ್ಲಿ ಗೋಡೆಯ ಮೇಲೆ ಚೌಕ ಚೌಕ ಎದ್ದು ಕಾಣುತ್ತದೆ.

ನನ್ನ ತಕರಾರು ಇರುವುದು ಆಯ್ಕೆಯ ವಿಧಾನದಲ್ಲಿ. ಯುಎಎಸ್‌ಟಿಸಿ ಯಾವುದಕ್ಕೆ ಅಂತ ಹೇಳುವಾಗ ವರ್ಗ ಹೇಳಬಹುದು: ಬಣ್ಣದ್ದು, ನಾರ್ಮಲಿನದ್ದು, ಉಳಿದ ಗುಣಗಳದ್ದು. "ಈ ಬೋರ್ಡಿಗೆ ಮಾತ್ರ" ಅಂತ ಹೆಸರು ಹಿಡಿದು ಹೇಳುವ ಸೌಕರ್ಯ ನನಗೆ ಬೇಕಿತ್ತು. ಹಾಗಾಗಿ ಬೋರ್ಡುಗಳದ್ದೇ ಒಂದು ಜಿಎಲ್‌ಬಿ, ಮರಗಳದ್ದು ಒಂದು, ನೆಲ ಮತ್ತು ಗೋಡೆಯದ್ದು ಒಂದು ಅಂತ ಬೇರೆ ಬೇರೆ ಮಾಡಿ, ಒಂದೊಂದಕ್ಕೆ ಒಂದೊಂದು ಆಪ್ಶನ್ ಕೊಟ್ಟು ನಡೆಸುತ್ತೇನೆ. ಕೆಲಸ ಆಗುತ್ತದೆ, ಆದರೆ ಟೂಲಿನ ಅನುಕೂಲಕ್ಕೆ ನಾವು ಬ್ಲೆಂಡರ್ ಫೈಲನ್ನು ಭಾಗ ಮಾಡಬೇಕು. ಇದನ್ನು ಬಯಸದವರು ಡಾನ್ ಮಕ್‌ಕರ್ಡಿಯ ಜಿಎಲ್‌ಟಿಎಫ್ ಟ್ರಾನ್ಸ್‌ಫಾರ್ಮ್ ನೋಡಬಹುದು. ಅದರಲ್ಲಿ ಯಾವ ಟೆಕ್ಸ್ಚರಿಗೆ ಎಂತದು ಅಂತ ಆರಿಸಲಿಕ್ಕೆ ಬರುತ್ತದೆ. ಬೇರೇನೂ ಬೇಡವಾದರೂ ಅದರ 'ಇನ್‌ಸ್ಪೆಕ್ಟ್' ಕಮಾಂಡಿಗಾಗಿ ಅದನ್ನು ಹಾಕಿಟ್ಟುಕೊಳ್ಳಿ. ಒಂದೊಂದು ಟೆಕ್ಸ್ಚರ್ ಡಿಸ್ಕಿನಲ್ಲಿ ಎಷ್ಟು, ಜಿಪಿಯುವಿನಲ್ಲಿ ಎಷ್ಟು ಅಂತ ಅಕ್ಕಪಕ್ಕ ತೋರಿಸುತ್ತದೆ.

ಎರಡನೇ ತಕರಾರು ದೊಡ್ಡ ಜಾಗದ ಸಿಮ್ಯುಲೇಶನ್ ಮಾಡುವವರಿಗೆ ಮಾತ್ರ ತಾಗುವಂಥದ್ದು. ಕುರ್ಚಿ, ಚಪ್ಪಲಿ ತೋರಿಸುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಸ್ಥಾನವನ್ನು ಕ್ವಾಂಟೈಸ್ ಮಾಡಲಿಕ್ಕೆ ಟೂಲು ತನ್ನಷ್ಟಕ್ಕೆ ಬಳಸುವುದು 14 ಬಿಟ್. ಅಂದರೆ ದೃಶ್ಯದ ಉದ್ದವನ್ನು 16,384 ಮೆಟ್ಟಿಲಾಗಿ ಮಾಡುತ್ತದೆ. ಒಂದು ಮೀಟರಿನ ಕುರ್ಚಿಗೆ ಇದು ಕೂದಲಿನಷ್ಟು ನುಣುಪು. ನಾಲ್ಕು ಕಿಲೋಮೀಟರ್ ರಸ್ತೆಯನ್ನು ಒಂದೇ ಫೈಲಾಗಿ ಕೊಟ್ಟರೆ? 4,000 ಮೀಟರನ್ನು 16,384ರಿಂದ ಭಾಗಿಸಿ: ಒಂದು ಮೆಟ್ಟಿಲು 24 ಸೆಂಟಿಮೀಟರ್! ಡಾಮರಿನ ಮೇಲಿನ ಬಿಳಿ ಪಟ್ಟಿಯ ಅಗಲವೇ ಅಷ್ಟಿಲ್ಲ. ಪಟ್ಟಿ ಅಲ್ಲಲ್ಲಿ ಅಡ್ಡ ಸರಿದು, ಅಲ್ಲಲ್ಲಿ ರಸ್ತೆಯೊಳಗೆ ಮುಳುಗಿ ಕಾಣುತ್ತದೆ, ಪಾಗಾರದ ಮೂಲೆ ನೆಲದಿಂದ ಏಳುತ್ತದೆ. 'ವಿಪಿ' ಆಪ್ಶನಿನಲ್ಲಿ 16 ಬಿಟ್ ವರೆಗೆ ಏರಿಸಬಹುದು, ಆಗಲೂ ಒಂದು ಮೆಟ್ಟಿಲು 6 ಸೆಂಟಿಮೀಟರಿನ ಆಸುಪಾಸು. ಎಚ್ ಮೈದಾನದಲ್ಲಿ ಕಂಬಕ್ಕೆ ತಾಗಿತೋ ಇಲ್ಲವೋ ಅಂತ ತೀರ್ಪು ಕೊಡುವವರಿಗೆ 6 ಸೆಂಟಿಮೀಟರ್ ಸಣ್ಣದಲ್ಲ. ಕ್ವಾಂಟೈಸೇಶನ್ ಪೂರ್ತಿ ಬೇಡ ಅನ್ನಲಿಕ್ಕೂ, ಸ್ಥಾನವನ್ನು ಮಾತ್ರ ದಶಾಂಶದಲ್ಲೇ ಬಿಡು ಅನ್ನಲಿಕ್ಕೂ ದಾರಿ ಉಂಟು, ಆದರೆ ಸರಿಯಾದ ದಾರಿ ಅದಲ್ಲ. ರಸ್ತೆಯನ್ನು 250 ಮೀಟರಿನ ತುಂಡುಗಳಾಗಿ ಮಾಡಿದರೆ ಅದೇ 14 ಬಿಟ್ಟಿನಲ್ಲಿ ಮೆಟ್ಟಿಲು ಒಂದೂವರೆ ಸೆಂಟಿಮೀಟರ್. ತುಂಡು ತುಂಡಾಗಿ ಲೋಡು ಮಾಡಲಿಕ್ಕೆ ಹೇಗೂ ಭಾಗ ಮಾಡಲೇಬೇಕಿತ್ತು. ಎರಡು ತುಂಡು ಸೇರುವ ಗೆರೆಯಲ್ಲಿ ಬಿರುಕು ಕಾಣದ ಹಾಗೆ ನೆಲದ ಅಂಚನ್ನು ಸ್ವಲ್ಪ ಕೆಳಕ್ಕೆ ಮಡಚಿ ಬಿಟ್ಟಿದ್ದೇನೆ.

ತುಂಡುಗಳ ಲೆಕ್ಕ ಹೀಗೆ: ಕಲಿಯುವವರು ಗಂಟೆಗೆ 40 ಕಿಲೋಮೀಟರ್ ದಾಟುವುದು ಅಪರೂಪ. ಆ ವೇಗದಲ್ಲಿ 250 ಮೀಟರ್ ಮುಗಿಯಲಿಕ್ಕೆ 22 ಸೆಕೆಂಡ್ ಬೇಕು. ಮುಂದಿನ ತುಂಡು ಡಿಸ್ಕಿನಿಂದ ಬರಲಿಕ್ಕೆ, ಬಿಚ್ಚಲಿಕ್ಕೆ ಅದು ಧಾರಾಳ ಸಮಯ. ತುಂಡಿಗೆ ಬೆರಳೆಣಿಕೆಯ ಜಿಎಲ್‌ಬಿ ಮಾತ್ರ ಇದ್ದರೆ ಹಾರ್ಡ್‌ಡಿಸ್ಕಿನ ಮುಳ್ಳು ಅತ್ತಿತ್ತ ಓಡುವುದೂ ಕಡಿಮೆ. ನೂರಾರು ಪುಡಿ ಫೈಲುಗಳಿದ್ದರೆ ಅದರಲ್ಲೇ ಸೆಕೆಂಡುಗಳು ಹೋಗುತ್ತವೆ. ಕಷ್ಟ ಇರುವುದು ಕೊನೆಯ ಹೆಜ್ಜೆಯಲ್ಲಿ. ತುಂಡು ಸಿದ್ಧವಾಗಿ ದೃಶ್ಯಕ್ಕೆ ಸೇರಿಸಿದ ಕೂಡಲೇ ತ್ರೀ ಜೆಎಸ್ ಅದರ ಎಲ್ಲ ಟೆಕ್ಸ್ಚರುಗಳನ್ನೂ ಒಂದೇ ಫ್ರೇಮಿನಲ್ಲಿ ಜಿಪಿಯುಗೆ ತಳ್ಳುತ್ತದೆ, ಹೊಸ ಶೇಡರ್ (ಬಣ್ಣ ಬೆಳಕಿನ ಲೆಕ್ಕ ಮಾಡುವ ಸಣ್ಣ ಪ್ರೋಗ್ರಾಮು) ಇದ್ದರೆ ಅದನ್ನೂ ಆಗಲೇ ಕಂಪೈಲ್ ಮಾಡುತ್ತದೆ. ಇದಕ್ಕೆ ಜಿಎಲ್‌ಟಿಎಫ್‌ಪ್ಯಾಕ್ ಏನೂ ಮಾಡಲಾರದು, ಅದರ ಕೆಲಸವೂ ಅಲ್ಲ. ದೃಶ್ಯಕ್ಕೆ ಸೇರಿಸುವ ಮೊದಲೇ 'ಇನಿಟ್‌ಟೆಕ್ಸ್ಚರ್' ಕರೆದು ಫ್ರೇಮಿಗೆ ಒಂದರಂತೆ ಅಪ್‌ಲೋಡ್ ಮಾಡಿಸಬೇಕು. 'ಕಂಪೈಲ್‌ಅಸಿಂಕ್' ಕರೆದು ಶೇಡರುಗಳನ್ನು ಮುಂಚೆಯೇ ತಯಾರು ಮಾಡಿಸಬೇಕು. ಈ ಎರಡನ್ನು ಮಾಡದೆ ಟೂಲು ಸರಿಯಿಲ್ಲ ಅನ್ನುವವರನ್ನು ಕಂಡಿದ್ದೇನೆ.

ಮೂರನೆಯದು ತಕರಾರಲ್ಲ, ಎಚ್ಚರಿಕೆ. ಜಿಪಿಯುಗೆ 'ಇದನ್ನು ಬಿಡಿಸು' ಅನ್ನುವ ಕರೆಗಳ ಸಂಖ್ಯೆ ಕಡಿಮೆ ಮಾಡಲಿಕ್ಕೆ ಟೂಲು ಒಂದೇ ಮೆಟೀರಿಯಲ್ ಇರುವ ಮೆಶ್ಶುಗಳನ್ನು ಒಟ್ಟು ಸೇರಿಸುತ್ತದೆ, ಬೇಡದ ಹೆಸರುಗಳನ್ನು ಅಳಿಸುತ್ತದೆ. ಪಾಗಾರಕ್ಕೆ ಅದು ವರವೇ. ಕಾರಿನ ಒಳಗಡೆಗೆ ಮಾತ್ರ ಹಾಗಲ್ಲ: ಸ್ಟೀರಿಂಗು, ಗೇರು, ಕನ್ನಡಿ ಎಲ್ಲ ಕಪ್ಪು ಪ್ಲಾಸ್ಟಿಕ್ಕೇ ಆದ್ದರಿಂದ ಒಂದೇ ಮುದ್ದೆಯಾಗಿ ಹೊರಗೆ ಬರುತ್ತವೆ, ಕೋಡಿನಲ್ಲಿ ಸ್ಟೀರಿಂಗ್ ಹುಡುಕಿದರೆ ಸಿಗುವುದಿಲ್ಲ. 'ಕೆಎನ್' ಎಂಬ ಆಪ್ಶನ್ ಕೊಟ್ಟರೆ ಹೆಸರಿಟ್ಟ ಬಿಡಿ ಭಾಗಗಳು (ನೋಡ್‌ಗಳು) ಹಾಗೆಯೇ ಉಳಿಯುತ್ತವೆ. ತಿರುಗುವ, ತೆರೆಯುವ, ಅಲ್ಲಾಡುವ ಏನಾದರೂ ಇದ್ದ ಫೈಲಿಗೆ ಇದನ್ನು ಕೊಟ್ಟೇ ನಡೆಸಿ.

ಕಂಗಿನ ತೋಟ ಈ ಟೂಲಿಗೆ ಹೇಳಿ ಮಾಡಿಸಿದ ಹಾಗುಂಟು. ಸಾಲು ಸಾಲು ಮರ, ಎಲ್ಲ ಒಂದೇ ಬಗೆ. 'ಎಂಐ' ಆಪ್ಶನ್ ಕೊಟ್ಟರೆ ಮೆಶ್ಶನ್ನು ಒಂದೇ ಸಲ ಇಟ್ಟು, ಎಲ್ಲೆಲ್ಲಿ ಎಷ್ಟೆತ್ತರ ನಿಲ್ಲಬೇಕು ಅನ್ನುವುದನ್ನು ಮಾತ್ರ ಪಟ್ಟಿ ಮಾಡುತ್ತದೆ. ಇಡೀ ತೋಟವನ್ನು ಜಿಪಿಯುಗೆ ಒಂದೆರಡು ಕರೆಯಲ್ಲಿ ಬಿಡಿಸಲಿಕ್ಕೆ ಆಗುತ್ತದೆ. ಮೂರು ಬಗೆಯ ಕಂಗು ಮಾಡಿದ್ದೆ. ಒಂದರಲ್ಲಿ ಮದ್ದು ಬಿಡುವಾಗ ಕಟ್ಟಿದ ಹಗ್ಗ ಇನ್ನೂ ನೇತಾಡುತ್ತಿರುವುದು. ಅದನ್ನು ಗುರುತಿಸಿದವರು ಒಬ್ಬರೇ, ಬೇಳದಿಂದ ಕಲಿಯಲಿಕ್ಕೆ ಬರುವ ಒಬ್ಬ ತೋಟದ ಯಜಮಾನರು. ರಸ್ತೆ ಬಿಟ್ಟು ಅದನ್ನೇ ನೋಡುತ್ತಾ ಪಾಗಾರಕ್ಕೆ ಗುದ್ದಿದರು, ಅದು ಬೇರೆ ವಿಷಯ.

ದೂರದ ಮರಗಳಿಗೆ ತ್ರಿಕೋನ ಕಡಿಮೆ ಮಾಡುವ 'ಎಸ್‌ಐ' ಆಪ್ಶನ್ ಕಾಂಡಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಸೋಗೆಗೆ ಮಾಡುವುದಿಲ್ಲ, ಬಿಡಿ ಬಿಡಿ ಪಟ್ಟಿಗಳನ್ನು ಕಡಿಮೆ ಮಾಡಹೊರಟರೆ ಮರ ಬೋಳಾಗುತ್ತದೆ. ದೂರದ ಸೋಗೆಯನ್ನು ಕೈಯಲ್ಲೇ ಮಾಡುವುದು ಉತ್ತಮ.

ಕಾಯುವ ವಿಷಯವನ್ನೂ ಹೇಳಬೇಕು. ಮೆಶ್ಶಿನ ಕೆಲಸ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ, ಟೆಕ್ಸ್ಚರಿನದ್ದು ಹಾಗಲ್ಲ. ಯುಎಎಸ್‌ಟಿಸಿಯಲ್ಲಿ ದೊಡ್ಡ ಚಿತ್ರಗಳಿದ್ದರೆ ಲ್ಯಾಪ್‌ಟಾಪಿನ ಫ್ಯಾನು ಬೊಬ್ಬೆ ಹಾಕಲಿಕ್ಕೆ ಶುರು ಮಾಡುತ್ತದೆ, ಚಾ ಕುಡಿದು ಬಂದರೂ ಮುಗಿದಿರುವುದಿಲ್ಲ. ಆಟಿ ತಿಂಗಳಿನ ಮಳೆಗೆ ಕರೆಂಟು ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಮತ್ತೆ ಮೊದಲಿಂದ. ಕೆಲಸ ಮಾಡುವಾಗಲೆಲ್ಲ 'ಟಿಎಲ್' ಆಪ್ಶನ್ ಕೊಟ್ಟು ಚಿತ್ರಗಳನ್ನು 512ಕ್ಕೆ ಇಳಿಸಿ ನೋಡುತ್ತೇನೆ. ಸ್ಕೂಲಿಗೆ ಕೊಡುವ ದಿನ ಮಾತ್ರ ಪೂರ್ತಿ ಗಾತ್ರ. ಫೋನಿನ ಆವೃತ್ತಿಗೆ 1024 ಸಾಕು. ಅಗಲ ಎತ್ತರ ನಾಲ್ಕರ ಗುಣಕದಲ್ಲಿರಲಿ, ಚೌಕ ನಾಲ್ಕು ಪಿಕ್ಸೆಲಿನದ್ದು ತಾನೇ.

ಲೋಡರಿನ ಕಡೆ ಮಾಡಬೇಕಾದದ್ದು: ಜಿಎಲ್‌ಟಿಎಫ್‌ಲೋಡರಿಗೆ ಮೆಶ್‌ಆಪ್ಟ್ ಡಿಕೋಡರನ್ನೂ ಕೆಟಿಎಕ್ಸ್2 ಲೋಡರನ್ನೂ ಕೊಡಬೇಕು, ಕೆಟಿಎಕ್ಸ್2 ಲೋಡರಿಗೆ 'ಡಿಟೆಕ್ಟ್‌ಸಪೋರ್ಟ್' ಕರೆದು ಈ ಜಿಪಿಯು ಯಾವುದು ಅಂತ ತಿಳಿಸಬೇಕು. ಬೇಸಿಸ್ ರೂಪವನ್ನು ತಿರುಗಿಸಿಕೊಡುವ ಟ್ರಾನ್ಸ್‌ಕೋಡರಿನ ವ್ಯಾಸಮ್ (ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮು) ಫೈಲನ್ನು ನಮ್ಮ ಫೋಲ್ಡರಿಗೇ ಕಾಪಿ ಮಾಡಿಕೊಳ್ಳಿ. ನೆಟ್ಟಿನ ಯಾವುದೋ ಸರ್ವರಿನಿಂದ ತರುವ ಉದಾಹರಣೆ ಕೋಡನ್ನು ಹಾಗೆಯೇ ಅಂಟಿಸಿದರೆ ನೆಟ್ ಇಲ್ಲದ ದಿನ ಸಿಮ್ಯುಲೇಟರ್ ಏಳುವುದಿಲ್ಲ. ಸ್ಕೂಲಿನಲ್ಲಿ ನೆಟ್ ಅಂದರೆ ಮಾಷ್ಟ್ರ ಫೋನಿನ ಹಾಟ್‌ಸ್ಪಾಟು. ಮಾಷ್ಟ್ರು ಕಾರಿನಲ್ಲಿ ಹೋದರೆ ನೆಟ್ಟೂ ಕಾರಿನಲ್ಲಿ ಹೋಗುತ್ತದೆ. ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೂ ಬ್ರೌಸರ್ ಇವನ್ನು ಓದಲಿಕ್ಕೆ ಬಿಡುವುದಿಲ್ಲ, ಸಣ್ಣ ಲೋಕಲ್ ಸರ್ವರ್ ಒಂದು ಬೇಕು.

ಪಿಸಿ ಗೇಮಿನವರು "ಡೈರೆಕ್ಟ್‌ಸ್ಟೋರೇಜ್ ಇರುವಾಗ ಇದೆಲ್ಲ ಎಂತಕ್ಕೆ" ಅಂತ ಕೇಳುತ್ತಾರೆ. ಡಿಸ್ಕಿನಿಂದ ಜಿಪಿಯುಗೆ ಬೇಗ ದಾಟಿಸುವ ಆ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 2022ರಲ್ಲಿ ವಿಂಡೋಸಿಗೆ ತಂದದ್ದು ಒಳ್ಳೆಯ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡಿಸ್ಕು, ಒಳ್ಳೆಯ ಕಾರ್ಡು ಇರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಬ್ರೌಸರಿನಲ್ಲಿ ಅದು ಸಿಗುವುದೂ ಇಲ್ಲ. ನನ್ನ ಗಿರಾಕಿಯ ಕಂಪ್ಯೂಟರಿನ ಎದುರು ಆ ಮಾತು ಎತ್ತುವುದೇ ಬೇಡ.

ಯಾರು ಇದನ್ನು ಹಾಕಿಕೊಳ್ಳಬೇಕು? ಬ್ರೌಸರಿನಲ್ಲಿ, ಸಾಧಾರಣ ಕಂಪ್ಯೂಟರಿನಲ್ಲಿ ಅಥವಾ ಫೋನಿನಲ್ಲಿ, ನಿಲ್ಲದೆ ಓಡಬೇಕಾದ ಏನನ್ನಾದರೂ ಮಾಡುವವರು ಕಣ್ಣು ಮುಚ್ಚಿ ಹಾಕಿಕೊಳ್ಳಿ. ಯೂನಿಟಿ, ಅನ್‌ರಿಯಲ್ ಎಂಬ ಗೇಮ್ ಎಂಜಿನ್‌ಗಳಲ್ಲಿ ಕೆಲಸ ಮಾಡುವವರಿಗೆ ಅಲ್ಲಿಯ ಇಂಪೋರ್ಟರೇ ಟೆಕ್ಸ್ಚರಿನ ಕಂಪ್ರೆಶನ್ ನೋಡಿಕೊಳ್ಳುತ್ತದೆ, ಇದರ ಅಗತ್ಯ ಇಲ್ಲ. ಹೊರಗೆ ಬಂದ ಫೈಲನ್ನು ಮತ್ತೆ ಬ್ಲೆಂಡರಿಗೆ ತಂದು ತಿದ್ದುವ ಆಸೆ ಇರುವವರಿಗೂ ಇದು ಹೇಳಿದ್ದಲ್ಲ. ಮೂಲ ಫೈಲನ್ನು ಜೋಪಾನವಾಗಿ ಬೇರೆ ಇಡಬೇಕು. ಕಮಾಂಡ್‌ಲೈನ್ ಕಂಡರೆ ಹೆದರುವವರು ಒಂದು ಬ್ಯಾಚ್ ಫೈಲು ಬರೆದಿಟ್ಟುಕೊಂಡರೆ ಸಾಕು. ನನ್ನದರಲ್ಲಿ ಇರುವುದು ಮೂರೇ ಸಾಲು: ನೆಲಕ್ಕೊಂದು, ಮರಕ್ಕೊಂದು, ಬೋರ್ಡಿಗೊಂದು.

ಹಾಕಿಕೊಳ್ಳುವಾಗ ಎನ್‌ಪಿಎಂ (ಜಾವಾಸ್ಕ್ರಿಪ್ಟಿನವರ ಭಂಡಾರ) ಪ್ಯಾಕೇಜಿನ ಬದಲು ಗಿಟ್‌ಹಬ್ಬಿನ ರಿಲೀಸ್ ಪುಟದಲ್ಲಿರುವ ತಯಾರಾದ ಪ್ರೋಗ್ರಾಮನ್ನೇ ಇಳಿಸಿಕೊಳ್ಳಿ, ವಿಂಡೋಸಿನದ್ದೂ ಲಿನಕ್ಸಿನದ್ದೂ ಮ್ಯಾಕಿನದ್ದೂ ಅಲ್ಲಿ ಉಂಟು. ಅದು ವೇಗ ಹೆಚ್ಚು. ಟೆಕ್ಸ್ಚರ್ ಕಂಪ್ರೆಶನ್ ಇರುವುದೂ ಅದರಲ್ಲೇ.